ಟ್ರೆಬಲ್ ಹತ್ತಕ್ಕೆ ಹತ್ತು

ಮೇ 29, ಬುಧವಾರ

ಹೊಸ ಡಬ್ಬಿಯ ಸೆಟ್ಟಿಂಗ್ ಬರೆದಿಡಲು ತಂದ ನೋಟ್‌ಬುಕ್ ಇದು. ಮೊದಲ ಪುಟದಲ್ಲೇ ಬೈಗುಳ ಬರೆಯುತ್ತಿದ್ದೇನೆ. ಬರೆದರೆ ತಪ್ಪೇನು, ಯಾರು ಓದಬೇಕು ಇದನ್ನು?

ನನ್ನ ಆಂಪ್‌ಗೆ ಇವತ್ತು ನಿವೃತ್ತಿ. ಗಿಟಾರಿನ ದನಿ ದೊಡ್ಡದು ಮಾಡುವ ಆ ಭಾರದ ಪೆಟ್ಟಿಗೆಯನ್ನು ಇಪ್ಪತ್ತೊಂದು ವರ್ಷ ಹೊತ್ತೆ. ಸೊಂಟನೋವು ಬಂದದ್ದೂ ಅದರಿಂದ, ಗಿಟಾರಿಸ್ಟ್ ಅಂತ ನಾಲ್ಕು ಜನ ಗುರುತಿಸಿದ್ದೂ ಅದರಿಂದ. ಅದರ ಜಾಗಕ್ಕೆ ಕಾಲಬುಡದಲ್ಲಿಡುವ ಒಂದು ಡಬ್ಬಿ ಬಂದಿದೆ, ಮಾಡೆಲರ್ ಅಂತ. ನೂರು ಆಂಪ್‌ಗಳ ದನಿಯ ನಕಲು ಅದರ ಹೊಟ್ಟೆಯಲ್ಲಿದೆಯಂತೆ, ಗುಂಡಿ ತುಳಿದಂತೆ ಒಂದೊಂದೇ ಬರುತ್ತದೆ.

"ನೂರು ಜನರ ಮಿಮಿಕ್ರಿ ಮಾಡೋನಿಗೆ ಸ್ವಂತ ಗಂಟಲು ಎಲ್ಲಿರುತ್ತೆ?" ಅಂದೆ.

ಭಾಮೈದ ನಕ್ಕ. "ಭಾವ, ನಾವು ಶೋ ಕೊಡೋ ಹಾಲ್ ಮೇಲೆ ಮನೆಗಳಿವೆ. ಗೋಡೇಲಿ ಶಬ್ದ ಅಳೆಯೋ ಮೀಟರ್ ಕೂರಿಸಿದಾರೆ. ಕೆಂಪು ದೀಪ ಐದು ಸೆಕೆಂಡ್ ಉರಿದ್ರೆ ಸ್ಟೇಜಿನ ಕರೆಂಟೇ ಹೋಗುತ್ತೆ. ನಿಮ್ಮ ಆಂಪ್ ತಗೊಂಡು ಹೋದ್ರೆ ಮೊದಲ ಹಾಡಿಗೇ ಕತ್ತಲು." ಹೆಂಡತಿಯ ತಮ್ಮನಾದರೂ ಬ್ಯಾಂಡಿನ ಯಜಮಾನ ಅವನು, ಡ್ರಮ್ಮರ್ ಬೇರೆ. ಅವನೆದುರು ವಾದ ಮಾಡಿ ಗೆದ್ದವರಿಲ್ಲ.

ಆರು ಭಾನುವಾರ ಮಧ್ಯಾಹ್ನದ ಶೋ. ಮೆಚ್ಚಿದರೆ ಹಾಲಿನ ಮ್ಯಾನೇಜರ್ ವರ್ಷಪೂರ್ತಿ ಇಟ್ಟುಕೊಳ್ಳುತ್ತಾರೆ. ಇದನ್ನೇ ನಂಬಿ ನನ್ನ ಗಿಟಾರ್ ರಿಪೇರಿ ಅಂಗಡಿಯ ಬಾಗಿಲು ಹಾಕಿದ್ದೇನೆ. ಇಲ್ಲಿಂದ ಹೊರಗೆ ಬಿದ್ದರೆ ನಲವತ್ತಾರರ ಮುದುಕನನ್ನು ಇನ್ಯಾವ ಬ್ಯಾಂಡ್ ಕರೆಯುತ್ತದೆ? ಭಾಮೈದನ ಲ್ಯಾಪ್‌ಟಾಪಿನಲ್ಲಿ ನನ್ನ ಗಿಟಾರಿನ ಭಾಗವೆಲ್ಲ ರೆಕಾರ್ಡ್ ಆಗಿ ಕೂತಿದೆ, "ಯಾರಾದ್ರೂ ಕಾಯಿಲೆ ಬಿದ್ರೆ ಇರಲಿ" ಅಂತ. ಲ್ಯಾಪ್‌ಟಾಪಿಗೆ ಸೊಂಟನೋವು ಬರುವುದಿಲ್ಲ. ನನಗೆ ಹೆದರಿಕೆ ಇರುವುದು ಅದರದ್ದೇ.

ಟ್ರೆಬಲ್ 6.

ಜೂನ್ 2, ಭಾನುವಾರ

ಕಿವಿಗೆ ಬಿರಡೆ ಹಾಕಿಕೊಂಡು ಮೊದಲ ಶೋ. ಬಿರಡೆ ಎಂದರೆ ಇನ್-ಇಯರ್. ಅವರವರ ಕಿವಿಯ ಅಚ್ಚು ತೆಗೆದು ಮಾಡಿಸಿದ್ದು, ಹಾಕಿಕೊಂಡರೆ ಹೊರಗಿನ ಸದ್ದು ಒಳಗೆ ನುಸುಳುವುದಿಲ್ಲ. ಸ್ಟೇಜಿನ ಮೇಲೆ ಸ್ಪೀಕರ್ ಒಂದೂ ಇಲ್ಲ. ಯಾರ ದನಿ ತನಗೆ ಎಷ್ಟು ಕೇಳಬೇಕು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಗೆರೆ ಏರಿಸಿ ಇಳಿಸಿ ಇಟ್ಟುಕೊಳ್ಳಬಹುದು. "ನನ್ನ ಮದುವೆ ಹೊತ್ತಿಗೇ ಇದು ಬಂದಿದ್ರೆ ಎಷ್ಟು ಜಗಳ ಉಳೀತಿತ್ತು!" ಅಂದೆ. ಟೀಚರ್ ನಕ್ಕು ನಕ್ಕು ನೀರು ಕುಡಿದರು. ವಾರವೆಲ್ಲ ಶಾಲೆಯಲ್ಲಿ ಗಣಿತ, ಭಾನುವಾರ ನಮ್ಮಲ್ಲಿ ಹಾಡು, ಅದಕ್ಕೇ ಆ ಹೆಸರು.

ಬಿರಡೆ ಹಾಕಿದರೆ ಜನರ ಚಪ್ಪಾಳೆಯೂ ಕೇಳುವುದಿಲ್ಲವಲ್ಲ, ಅದಕ್ಕೆ ಸೌಂಡಮ್ಮ ಜನರ ಕಡೆ ಮುಖ ಮಾಡಿ ಎರಡು ಮೈಕ್ ಇಟ್ಟಿದ್ದಾಳೆ. ಮಿಕ್ಸರ್ ಬೋರ್ಡಿನ ಒಡತಿ ಅವಳು. ಹಾಲಿನ ಹಿಂದುಗಡೆ ಕೂತು, ಹಾಲಿಗೆ ಹೋಗುವ ಶಬ್ದ, ನಮ್ಮ ಕಿವಿಗೆ ಬರುವ ಶಬ್ದ ಎರಡನ್ನೂ ನೋಡಿಕೊಳ್ಳುತ್ತಾಳೆ. ಬೇಕೆನಿಸಿದರೆ ತನ್ನ ಮೈಕಿನಿಂದ ನಮ್ಮ ಕಿವಿಯೊಳಗೇ ಮಾತಾಡುತ್ತಾಳೆ, ಜನಕ್ಕೆ ಗೊತ್ತಾಗುವುದಿಲ್ಲ. ಮೂರು ವರ್ಷದಿಂದ ನಮ್ಮ ಜೊತೆ. ಮಾತು ಕಮ್ಮಿ.

ಚೆನ್ನಾಗಾಯಿತು ಅಂದರು ಎಲ್ಲರೂ. ನನಗೆ ಮಾತ್ರ ನನ್ನ ಗಿಟಾರ್ ಕಂಬಳಿ ಹೊದ್ದು ಮಲಗಿದ ಹಾಗೆ ಕೇಳಿಸಿತು. ಈಚೆಗೆ ಆಂಪ್‌ನಲ್ಲೂ ಹೀಗೇ ಆಗಿತ್ತು, ಹಳತಾಯಿತು ಅಂದುಕೊಂಡಿದ್ದೆ. ಹೊಸ ಡಬ್ಬಿಗೂ ಅದೇ ರೋಗ. ಟ್ರೆಬಲ್ ಏರಿಸಿದರೆ ದನಿ ಚೂಪಾಗುತ್ತದೆ, ನೋಡೋಣ.

ಟ್ರೆಬಲ್ 7.

ಜೂನ್ 6, ಗುರುವಾರ

ಬಟ್ಟೆ ಒಗೆಯುವ ಮಷಿನ್ ಕೆಟ್ಟಿದೆ. ಒಗೆದು ಮುಗಿಸಿದ ಮೇಲೆ ಅದು ಕೂಗಬೇಕು, ಕೂಗುತ್ತಿಲ್ಲ. ಹೆಂಡತಿ ಒಳಗಿನ ಕೋಣೆಯಿಂದ ದಡದಡ ಬಂದು, "ರೀ, ಆಗಿನಿಂದ ಬಡ್ಕೊಳ್ತಿದೆ, ಎದುರಿಗೇ ಕೂತಿದೀರಲ್ಲ! ಎದ್ದು ಆರಿಸೋಕೆ ಏನು ದಾಡಿ ನಿಮಗೆ?" ಅಂದಳು. ಕೂಗಿಲ್ಲ ಅಂದೆ. ಕೂಗಿದೆ ಅಂದಳು. ಆರು ತಂತಿಯ ಶ್ರುತಿ ಕೂಡಿಸಿ ಹೊಟ್ಟೆ ಹೊರೆದವನಿಗೆ ಕಿವಿಯ ಪಾಠ ಹೇಳುತ್ತಾಳೆ. ರಿಪೇರಿಯವನನ್ನು ಕರೆಸುತ್ತೇನೆ, ಆಗ ಬಾಯಿ ಮುಚ್ಚುತ್ತಾಳೆ.

ಡಬ್ಬಿ ಇನ್ನೂ ಮಂಕು. ಟ್ರೆಬಲ್ 8.

ಜೂನ್ 9, ಭಾನುವಾರ

ಎರಡನೇ ಶೋ. ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನ್ನ ಸೋಲೋ ಮುಗಿದರೆ ಜನ ಕೈ ಆಡಿಸುವ ಶಾಸ್ತ್ರವನ್ನೇನೋ ಮಾಡುತ್ತಾರೆ, ಸದ್ದೇ ಇಲ್ಲ. ಅಂಗೈಗೆ ಹತ್ತಿ ಸುತ್ತಿಕೊಂಡು ಬಂದಿದ್ದರೋ ಏನೋ. ಹೀಗಾದರೆ ಮ್ಯಾನೇಜರ್ ಯಾಕೆ ಇಟ್ಟುಕೊಳ್ಳುತ್ತಾರೆ?

ಟೀಚರ್‌ಗೂ ಈಗೀಗ ಸೋಮಾರಿತನ. ಪದಗಳನ್ನು ಬಾಯೊಳಗೇ ಅಗಿದು ನುಂಗುತ್ತಾರೆ. ಶೋ ಮುಗಿದ ಮೇಲೆ ಹೇಳಿಯೇ ಬಿಟ್ಟೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಲಗಡೆಯಿಂದ ಸುತ್ತಿ ನನ್ನ ಎಡಗಡೆಗೆ ಬಂದು ನಿಂತು, "ಆಯ್ತು ಕಣಪ್ಪ, ಇನ್ಮೇಲೆ ಬಾಯಿ ಬಿಟ್ಟು ಹಾಡ್ತೀನಿ" ಅಂದರು. ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಗುಣ.

ಬಿರಡೆಗೆ ಶಬ್ದ ಕೊಡುವ, ಸೊಂಟಕ್ಕೆ ಸಿಕ್ಕಿಸಿದ ರಿಸೀವರಿನ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ್ದೇನೆ. ಅದರಾಚೆ ಅದು ತಿರುಗುವುದಿಲ್ಲ. ಟ್ರೆಬಲ್ 9.

ಜೂನ್ 12, ಬುಧವಾರ

ರಿಪೇರಿಯವನು ಬಂದಿದ್ದ. ಗುಂಡಿ ಒತ್ತಿ, "ಸರಿಯಾಗೇ ಕೂಗ್ತಿದೆಯಲ್ಲ ಸಾರ್" ಅಂದ. ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ಬಾಗಿಲವರೆಗೆ ಬಿಟ್ಟುಬಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಿಪೇರಿ ಬಾರದವನು ಮಷಿನ್ ಸರಿಯಿದೆ ಅಂದನಂತೆ.

ಜೂನ್ 16, ಭಾನುವಾರ

ಕಳ್ಳ ಸಿಕ್ಕ. ಕಳ್ಳಿ ಸಿಕ್ಕಳು.

ಶೋಗೆ ಮೊದಲು ಸೌಂಡಮ್ಮ ಟೀ ಕುಡಿಯಲು ಹೋಗಿದ್ದಳು. ಬೋರ್ಡಿನ ಪರದೆಯಲ್ಲಿ ನನ್ನ ಗಿಟಾರಿನ ಗೆರೆ ನೋಡಿದೆ, ಎಡತುದಿ ತಗ್ಗಿನ ಶಬ್ದ, ಬಲತುದಿ ಟ್ರೆಬಲ್. ಎಡದಿಂದ ಸಮತಟ್ಟಾಗಿ ಬಂದದ್ದು ಬಲಗಡೆ ಬಾವಿಗೆ ಹಾರಿದ ಹಾಗೆ ಕೆಳಗೆ ಬಿದ್ದಿದೆ. ನಾನು ಇಲ್ಲಿ ಬೆವರು ಸುರಿಸಿ ಟ್ರೆಬಲ್ ಏರಿಸುವುದು, ಅವಳು ಅಲ್ಲಿ ಕೂತು ಅದನ್ನು ಕತ್ತರಿಸಿ ಹಾಲಿಗೆ ಬಿಡುವುದು! ನನ್ನ ಮೈಯೆಲ್ಲ ಉರಿದುಹೋಯಿತು.

"ನನ್ನ ದನಿ ಕತ್ತು ಯಾಕೆ ಕುಯ್ದಿದೀಯ?" ಅಂತ ಎಲ್ಲರೆದುರು ಕೇಳಿದೆ.

"ಹಾಲ್‌ಗೆ ಬೇಕಾದಷ್ಟು ಬಿಟ್ಟಿದೀನಿ ಅಣ್ಣ."

"ಬೇಕಾದಷ್ಟು ಅಂತ ಹೇಳೋಕೆ ನೀನ್ಯಾರು?"

ಅವಳು ತಲೆ ತಗ್ಗಿಸಿದಳು. "ಶೋ ಮುಗೀಲಿ ಅಣ್ಣ, ಇಬ್ರೇ ಕೂತ್ಕೊಂಡು ಮಾತಾಡೋಣ. ನಿಮಗೊಂದು ವಿಷಯ ಹೇಳ್ಬೇಕು."

ನಾನು ಕೂರಲಿಲ್ಲ. ಶೋ ಮುಗಿದ ಕೂಡಲೇ ಭಾಮೈದನ ಹತ್ತಿರ ಹೋಗಿ, ಬೋರ್ಡಿನ ಮುಂದೆ ಅವಳಿದ್ದರೆ ಸ್ಟೇಜಿನ ಮೇಲೆ ನಾನಿಲ್ಲ ಅಂದೆ. "ಯೋಚನೆ ಮಾಡಿ ಭಾವ" ಅಂದ ಅವನು. "ನಿನ್ನ ಮಾತು ಕೇಳಿ ಅಂಗಡಿ ಮುಚ್ಚಿದೋನು ನಾನು. ನಿನ್ನ ಅಕ್ಕನ ಮುಖ ನೋಡಿಯಾದ್ರೂ ಇಷ್ಟು ಮಾಡು" ಅಂದೆ. ಅಕ್ಕನ ಹೆಸರು ಬಂದರೆ ಅವನ ಬಾಯಿ ಕಟ್ಟುತ್ತದೆ, ನನಗೆ ಗೊತ್ತು.

ಸೌಂಡಮ್ಮ ಸದ್ದಿಲ್ಲದೆ ವೈರು ಸುತ್ತಿಕೊಂಡಳು. ಜನರ ಕಡೆಗಿದ್ದ ಎರಡು ಮೈಕ್ ಅವಳ ಸ್ವಂತದ್ದಂತೆ, ಅವನ್ನೂ ಬಿಚ್ಚಿಕೊಂಡಳು. ಹೋಗುವಾಗ ನನ್ನ ಎದುರು ನಿಂತು ಏನೋ ಹೇಳಿದಳು. ಗೊಣಗಿದಳು, ಅಷ್ಟೆ. ಗೆದ್ದೆ. ಟ್ರೆಬಲ್ ಹತ್ತಕ್ಕೆ ಹತ್ತು.

ಜೂನ್ 23, ಭಾನುವಾರ

ಹೇಗೆ ಬರೆಯಲಿ.

ಬೋರ್ಡಿಗೆ ಬಾಡಿಗೆಯವನು ಬಂದಿದ್ದ. "ನನ್ನ ಚಾನೆಲ್ ಮುಟ್ಟಬೇಡ, ಬಂದದ್ದನ್ನ ಬಂದ ಹಾಗೆ ಬಿಡು" ಅಂತ ನಾನೇ ತಾಕೀತು ಮಾಡಿದ್ದೆ. ಬಿಟ್ಟ. ಮೊದಲ ಹಾಡಿನ ಸೋಲೋಗೆ ಕಾಲಿಟ್ಟು ಎರಡು ಸಾಲು ಬಾರಿಸಿರಬೇಕು, ಮುಂದಿನ ಸಾಲಿನ ಹೆಂಗಸು ಮಗುವಿನ ಎರಡೂ ಕಿವಿಗೆ ಅಂಗೈ ಒತ್ತಿ ಹಿಡಿದಳು. ಅವಳ ಪಕ್ಕದವನು ತನ್ನ ಕಿವಿ ಮುಚ್ಚಿಕೊಂಡ. ಒಬ್ಬರಾದ ಮೇಲೆ ಒಬ್ಬರು. ಗೋಡೆಯಲ್ಲಿ ಕೆಂಪು ದೀಪ. ಆಮೇಲೆ ಕತ್ತಲು.

ನನ್ನ ಕಿವಿಯೊಳಗೂ ಕತ್ತಲು. ಡ್ರಮ್ ಇಲ್ಲ, ಲಯ ತೋರಿಸುವ ಕ್ಲಿಕ್ ಇಲ್ಲ, ಏನೂ ಇಲ್ಲ. ಬೆರಳು ಮಾತ್ರ ಸುಮಾರು ಹೊತ್ತು ತಂತಿಯ ಮೇಲೆ ಓಡುತ್ತಲೇ ಇತ್ತು.

ಮ್ಯಾನೇಜರ್ ಮುಂದಿನ ಭಾನುವಾರ ಬರುವುದೇ ಬೇಡ ಅಂದಿದ್ದಾರೆ. ಭಾಮೈದ ಕೈಮುಗಿದು ಬೇಡಿದ್ದಕ್ಕೆ ಜುಲೈ ಏಳರಂದು ಕೊನೆಯದೊಂದು ಅವಕಾಶ. ಬಾಡಿಗೆಯವನ ಕೈಗುಣ ಸರಿಯಿಲ್ಲ ಅಂದೆ. ಎಲ್ಲರೂ ವೈರು ಸುತ್ತುತ್ತಲೇ ಇದ್ದರು.

ಜೂನ್ 24, ಸೋಮವಾರ

ಬೆಳಗ್ಗೆಯೇ ಭಾಮೈದ ಸಣ್ಣ ಸ್ಪೀಕರ್ ಹೊತ್ತು ಮನೆಗೆ ಬಂದ. "ನಿಮ್ಮ ಡಬ್ಬಿ ದನೀನ ಇಲ್ಲೇ ಒಂದ್ಸಲ ಕೇಳೋಣ ಭಾವ."

ಬಾರಿಸಿದೆ. ಅದೇ ಕಂಬಳಿ, ಅದೇ ಮಂಕು. ಈಗಲಾದರೂ ಇವನಿಗೆ ಅರ್ಥವಾಗಲಿ ಅಂತ, "ನೋಡಿದ್ಯಾ? ಹತ್ತರಲ್ಲಿಟ್ರೂ ಹೀಗಿದೆ!" ಎನ್ನುತ್ತ ತಿರುಗಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈ ಕಿವಿಯ ಮೇಲೆ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ. ಭಾಮೈದ ಸ್ಪೀಕರಿನಿಂದ ಮುಖ ಆಚೆ ಮಾಡಿ ಕೂತಿದ್ದ. ತಂತಿಯಿಂದ ಕೈ ತೆಗೆದೆ. ಅವಳು ಕೈ ಇಳಿಸಲಿಲ್ಲ, ಮತ್ತೆ ಶುರು ಮಾಡುತ್ತೇನೆಂಬ ಹೆದರಿಕೆಗೆ.

ಗಿಟಾರ್ ಇಳಿಸಿ ಗೋಡೆಗೆ ಒರಗಿಸಿದೆ.

"ಬಯ್ಯಬೇಡಿ ಭಾವ" ಎಂದು ಭಾಮೈದ ತನ್ನ ಫೋನ್ ತೋರಿಸಿದ. ಅವನ ಕಿವಿಗೆ ಯಾರ್ಯಾರು ಎಷ್ಟೆಷ್ಟು ಎಂಬ ಗೆರೆಗಳು. ಗಿಟಾರಿನದು ಸೊನ್ನೆಯಲ್ಲಿತ್ತು. "ಎರಡನೇ ಶೋದಿಂದ ನನ್ನ ಕಿವೀಲಿ ನೀವಿಲ್ಲ. ಸೂಜಿ ಚುಚ್ಚಿದ ಹಾಗಾಗೋದು, ತಡ್ಕೊಳ್ಳೋಕಾಗ್ಲಿಲ್ಲ. ಟೀಚರ್ ಕಿವೀಲೂ ಇಲ್ಲ, ಬೇಸ್ ಗಿಟಾರಿನವನ ಕಿವೀಲೂ ಇಲ್ಲ. ಹಾಲ್‌ನಲ್ಲಿ ಚೆನ್ನಾಗೇ ಬರ್ತಿದೆ ಅಂತ ಜನ ಅಂತಿದ್ರು, ಹಾಗಾಗಿ ಸುಮ್ನಿದ್ದೆ."

ಹಾಲಿನಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಯಾರಿಂದ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಅವರೆಲ್ಲರ ನಡುವೆ ನಿಂತು ಬಾರಿಸಿದ್ದೇನೆ. ಕಣ್ಣಲ್ಲಿ ಕಣ್ಣಿಟ್ಟು ನಕ್ಕಿದ್ದೇನೆ. ಒಬ್ಬರಿಗೂ ನಾನು ಕೇಳುತ್ತಿರಲಿಲ್ಲ.

ಜೂನ್ 25, ಮಂಗಳವಾರ

ಮಷಿನಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ದೀಪ ಆರಿತು. ಕೈಯಿಟ್ಟು ನೋಡಿದೆ, ನಿಂತಿತ್ತು. ಕೂಗಲಿಲ್ಲ.

ಜೂನ್ 27, ಗುರುವಾರ

ಕಿವಿ ಪರೀಕ್ಷೆಗೆ ಹೆಂಡತಿ ಎಳೆದುಕೊಂಡು ಹೋದಳು. ಗಾಜಿನ ಕಿಟಕಿಯ ಪುಟ್ಟ ಕೋಣೆ. ಆಚೆ ಪರೀಕ್ಷೆ ಮಾಡುವ ಹುಡುಗಿ. ಕಿವಿಯಲ್ಲಿ ಶಬ್ದ ಬಂದಾಗೆಲ್ಲ ಗುಂಡಿ ಒತ್ತಬೇಕು.

ಮೊದಲಿನವು ಬಂದವು, ಒತ್ತಿದೆ. ಆಮೇಲೆ ಸಣ್ಣದಾದವು. ಆಮೇಲೆ ಏನೂ ಇಲ್ಲ. ಇಲ್ಲಿ ಸೋತರೆ ಬ್ಯಾಂಡ್ ಮುಗಿಯಿತು ಅಂತ ಒಂದೇ ತಲೆಯಲ್ಲಿ. ಆಗ ಹೊಳೆಯಿತು: ಮೊದಲಿನ ಶಬ್ದಗಳು ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಬಂದಿದ್ದವು. ನಿಧಾನದ ಹಾಡಿನ ಒಂದು ಆವರ್ತ, ಸರಿಯಾಗಿ ನಾಲ್ಕು ಎಣಿಕೆ. ತಾಳ ಇದ್ದ ಮೇಲೆ ನನಗೆ ಕಿವಿ ಯಾಕೆ? ಒಳಗೇ ಎಣಿಸಿದೆ. ಒಂದು ಎರಡು ಮೂರು ನಾಲ್ಕು, ಒತ್ತು. ಒಂದು ಎರಡು ಮೂರು ನಾಲ್ಕು, ಒತ್ತು. ಮುಖದಲ್ಲಿ ಕೇಳಿಸಿಕೊಳ್ಳುವವನ ಗಾಂಭೀರ್ಯ ಬೇರೆ ತಂದುಕೊಂಡೆ.

ಹುಡುಗಿ ಬಾಗಿಲು ತೆಗೆದು ನನ್ನೆದುರು ಕೂತಳು. ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಸರ್, ಕೊನೇ ಹನ್ನೊಂದು ಸಲ ನಾನು ಶಬ್ದಾನೇ ಕೊಟ್ಟಿಲ್ಲ. ನೀವು ಗಡಿಯಾರದ ಹಾಗೆ ಒತ್ತಿದ್ರಿ."

ಹೆಂಡತಿ ಅಲ್ಲೇ ಅತ್ತಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮತ್ತೆ ಮಾಡಿದರು, ತಾಳ ತಪ್ಪಿಸಿ. ಹಾಳೆಯಲ್ಲಿ ಬಂದ ಗೆರೆ ನೋಡಿದೆ. ಎಡದಿಂದ ಸಮತಟ್ಟಾಗಿ ಬಂದು ಬಲಕ್ಕೆ ಬಾವಿಗೆ ಬಿದ್ದಿತ್ತು. ಬಲಗಿವಿಯದು ಇನ್ನೂ ಆಳಕ್ಕೆ. ಎತ್ತರದ ಶಬ್ದಗಳೆಲ್ಲ ಹೋಗಿವೆ ಅಂದರು ಡಾಕ್ಟರ್: ಮಷಿನಿನ ಕೂಗು, ಪದಗಳ ಅಂಚು, ಚಪ್ಪಾಳೆ. ರಿಸೀವರಿನ ವಾಲ್ಯೂಮ್ ಎಷ್ಟಿಡುತ್ತೀರಿ ಎಂದು ಕೇಳಿದರು. ಕೊನೆಯವರೆಗೆ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದದ್ದು ಬರಲ್ಲ. ಉಳಿದಿರೋದನ್ನಾದ್ರೂ ಉಳಿಸ್ಕೊಳ್ಳಿ. ಬಾರಿಸಲೇಬೇಕು ಅಂದ್ರೆ ವಾರಕ್ಕೊಂದು ಸಲ, ತೀರಾ ಕಮ್ಮಿ ವಾಲ್ಯೂಮಲ್ಲಿ. ಎರಡು ತಿಂಗಳಿಗೊಮ್ಮೆ ಬಂದು ತೋರಿಸಿ."

ಜೂನ್ 28, ಶುಕ್ರವಾರ

ಸೌಂಡಮ್ಮ ಹಗಲು ಕೆಲಸ ಮಾಡುವ ಅಂಗಡಿಗೆ ಹೋದೆ. ಹರಿದ ಸ್ಪೀಕರುಗಳಿಗೆ ಹೊಸ ಕಾಗದ ಅಂಟಿಸುತ್ತಿದ್ದಳು, ಬೆರಳೆಲ್ಲ ಅಂಟು. ನನ್ನನ್ನು ಕಂಡು ಎದ್ದು, ಸ್ಟೂಲನ್ನು ಒರೆಸಿ, ತನ್ನ ಬಲಗಡೆ ಹಾಕಿದಳು. ಕೂತ ಮೇಲೆ ಗೊತ್ತಾಯಿತು, ನನ್ನ ಎಡಗಿವಿ ಅವಳ ಕಡೆಗಿತ್ತು.

"ತಪ್ಪಾಯ್ತು ಕಣಮ್ಮ" ಅಂದೆ. ಇನ್ನೂ ಏನೇನೋ ಕಲಿತು ಹೋಗಿದ್ದೆ, ಒಂದೂ ನೆನಪಾಗಲಿಲ್ಲ.

"ಬಿಡಿ ಅಣ್ಣ" ಅಂದಳು. ಬೆರಳಿನ ಅಂಟು ಉಜ್ಜಿಕೊಂಡಳು. "ಹೋದ ವರ್ಷದಿಂದ ನೋಡ್ತಿದೀನಿ. ನೀವು ಆಂಪ್‌ನಲ್ಲಿ ಚೂಪು ಏರಿಸ್ತಾನೇ ಹೋದ್ರಿ. ನೀವು ಆ ಕಡೆ ಹೋದಾಗ ಅದರ ಮುಂದೆ ಒಂದು ಕಂಬಳಿ ಇಳಿಬಿಡ್ತಿದ್ದೆ. ಡಬ್ಬಿ ಬಂದ ಮೇಲೆ ಕಂಬಳಿ ಹಾಕೋಕೆ ಜಾಗ ಇಲ್ವಲ್ಲ, ಬೋರ್ಡಲ್ಲೇ ಕತ್ತರಿಸ್ದೆ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಬಾರಿಸೋದು ಬಿಡ್ತೀರಿ ಅಂತ ಭಯ ಆಯ್ತು. ಸುಮ್ನಿದ್ದದ್ದು ನಂದೂ ತಪ್ಪೇ. ಅವತ್ತೇ ಹೇಳಿದ್ರೆ ಇನ್ನೊಂದಿಷ್ಟು ಕಿವಿ ಉಳೀತಿತ್ತೋ ಏನೋ."

ಜುಲೈ ಏಳಕ್ಕೆ ಬಾ ಅಂದೆ. ಬರುತ್ತೇನೆ, ಆದರೆ ಡಬ್ಬಿಯ ಒಂದು ಗುಂಡಿಯನ್ನೂ ನೀವು ತಿರುಗಿಸಬಾರದು ಅಂದಳು. ದನಿ ಅವಳು ಕೂಡಿಸುತ್ತಾಳೆ, ನಾನು ಬರೀ ಬೆರಳು ಆಡಿಸಬೇಕು. ನನಗೆ ಅದು ಹೇಗೆ ಕೇಳಿದರೂ ಸರಿ, ನಂಬಬೇಕು.

ಜೂನ್ 30, ಭಾನುವಾರ

ಇವತ್ತು ಶೋ ಇಲ್ಲ, ಪ್ರಾಕ್ಟೀಸ್. ಎಲ್ಲರೆದುರು ಡಾಕ್ಟರ್ ಹಾಳೆ ಇಟ್ಟೆ. ಟೀಚರ್ ಕಣ್ಣೊರೆಸಿಕೊಂಡು, "ನಾವೆಲ್ಲ ನಿನ್ನ ಬಲಗಡೆ ನಿಂತು ಮಾತಾಡೋದು ಬಿಟ್ಟು ಎಷ್ಟು ಕಾಲ ಆಯ್ತು, ನಿನಗೊಬ್ಬನಿಗೇ ಗೊತ್ತಾಗ್ಲಿಲ್ಲ ಕಣಪ್ಪ" ಅಂದರು.

ಭಾಮೈದ ನೆಲ ನೋಡುತ್ತ ಹೇಳಿದ. "ಇದೊಂದು ಶೋ ಲ್ಯಾಪ್‌ಟಾಪ್‌ನಿಂದ ಹಾಕಿಬಿಡೋಣ ಭಾವ. ನೀವು ಕೈ ಆಡಿಸ್ತಾ ನಿಂತ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ."

ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಮಗನ ವಯಸ್ಸಿನವನಲ್ಲದಿದ್ದರೂ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಕಾಲು ಹಿಡಿಯುವುದೊಂದು ಬಾಕಿ ಇತ್ತು. ಕೊನೆಗೆ ಒಪ್ಪಿದ. ಆದರೆ ಲ್ಯಾಪ್‌ಟಾಪ್ ಡ್ರಮ್ಮಿನ ಪಕ್ಕದಲ್ಲಿ ತೆರೆದೇ ಇರುತ್ತದೆ. ಕೆಂಪು ದೀಪ ಒಮ್ಮೆ ಹೊತ್ತಿದರೂ ಅವನು ಗುಂಡಿ ಒತ್ತುತ್ತಾನೆ, ನಾನು ಅಲ್ಲಿಗೆ ಮುಗಿದೆ. ನನ್ನನ್ನು ಕಿತ್ತು ಹಾಕಿದ್ದು ನನಗೂ ಕೇಳುವುದಿಲ್ಲ.

ಜುಲೈ 7, ಭಾನುವಾರ

ಸೌಂಡಮ್ಮ ನನ್ನ ರಿಸೀವರಿನ ತಿರುಗಣೆಯನ್ನು ಮೂರಕ್ಕಿಟ್ಟು ಮೇಲೆ ಟೇಪ್ ಸುತ್ತಿದಳು. ಅವಳ ಎರಡು ಮೈಕ್ ಮತ್ತೆ ಜನರ ಕಡೆಗೆ ನಿಂತವು. ಕಿವಿಯಲ್ಲಿ ಕ್ಲಿಕ್, ಡ್ರಮ್, ಟೀಚರ್ ದನಿ, ಎಲ್ಲ ಪಕ್ಕದ ಮನೆಯಿಂದ ಬಂದ ಹಾಗೆ. ನನ್ನ ಗಿಟಾರ್ ಮರದ ತುಂಡು ತಟ್ಟಿದ ಹಾಗೆ. ಇದು ಹಾಲಿಗೆ ಏನಾಗಿ ಹೋಗುತ್ತಿದೆಯೋ ದೇವರೇ ಬಲ್ಲ. ಎರಡು ಹಾಡು ಮುಗಿಯುವವರೆಗೆ ನನ್ನ ಕಣ್ಣು ಗೋಡೆಯ ಮೀಟರಿನ ಮೇಲೇ ಇತ್ತು. ಹಸಿರು. ಹಳದಿ. ಹಸಿರು.

ಮೂರನೇ ಹಾಡಿಗೆ ದೊಡ್ಡ ಸೋಲೋ. ಅಭ್ಯಾಸಬಲ, ಭಾಮೈದನ ಕಡೆ ನೋಡಿದೆ. ಅವನ ಎಡಗೈ ಲ್ಯಾಪ್‌ಟಾಪಿನ ಕಡೆ ಹೋಯಿತು. ಕೈ ಅದನ್ನು ದಾಟಿ ಫೋನಿಗೆ ಹೋಯಿತು, ಬೆರಳು ಒಂದು ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿತು. ಯಾವ ಗೆರೆ ಎಂದು ನನಗೆ ಗೊತ್ತು. ಅವನು ಮುಖ ಕಿವುಚಲಿಲ್ಲ. ತಲೆ ಆಡಿಸಿದ.

ಬಾರಿಸಿದೆ. ಬೆರಳಿಗೆ ಗೊತ್ತಿದ್ದದ್ದನ್ನೆಲ್ಲ ಬಾರಿಸಿದೆ. ಮುಗಿದಾಗ ಕಿವಿಯೊಳಗೆ ಏನೂ ಇರಲಿಲ್ಲ. ಸ್ಟೇಜಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಒಂದು ಮುಖವೂ ಕಾಣಲಿಲ್ಲ. ಮುಗಿಯಿತು, ಸೋತೆ ಅಂದುಕೊಂಡೆ.

"ಅಣ್ಣ" ಎಂದಳು ಸೌಂಡಮ್ಮ, ಎಡಗಿವಿಯೊಳಗೆ. "ಚಪ್ಪಾಳೆ."

ನಮ್ಮನಮ್ಮಲ್ಲೇ ಮಾತಾಡಲು ಕಾಲಬಳಿ ಒಂದು ಮೈಕ್ ಇದೆ. ಬಗ್ಗಿ, "ನಿಜ ಹೇಳು" ಅಂದೆ.

"ನಿಮ್ಮಿಂದ ಮುಚ್ಚಿಟ್ಟಿದ್ದು ಸಾಕಾಗಿದೆ ಅಣ್ಣ, ಇನ್ನು ಆಗಲ್ಲ. ತಟ್ತಿದಾರೆ." ಸ್ವಲ್ಪ ತಡೆದಳು. "ಇನ್ನೂ ತಟ್ತಿದಾರೆ. ಹಿಂದಿನ ಸಾಲು ಎದ್ದು ನಿಂತಿದೆ. ಇನ್ನೂ ಇದೆ. ಇನ್ನೂ. ಈಗ ಕಮ್ಮಿ ಆಯ್ತು. ನಿಂತ್ರು. ಮುಂದಿನ ಹಾಡಿಗೆ ಕ್ಲಿಕ್ ಬಿಡ್ಲಾ?"

ಬಿಡು ಅಂದೆ. ಕಣ್ಣೀರು ಗಿಟಾರಿನ ಮೇಲೆ ಬೀಳುತ್ತಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ.

ಮ್ಯಾನೇಜರ್ ಒಪ್ಪಿದ್ದಾರೆ, ವರ್ಷಪೂರ್ತಿ. ನನಗೆ ವರ್ಷವೋ ಎರಡು ತಿಂಗಳೋ, ಮುಂದಿನ ಪರೀಕ್ಷೆಯ ಹಾಳೆ ಹೇಳಬೇಕು.

ಮನೆಗೆ ಬಂದೆ. ಹೆಂಡತಿ ಬಂದು ನನ್ನ ಎಡಗಡೆ ನಿಂತಳು.

"ಹೇಗಾಯ್ತು?"

"ತುಂಬ ಹೊತ್ತು ಚಪ್ಪಾಳೆ ತಟ್ಟಿದ್ರಂತೆ" ಅಂದೆ.

ಟ್ರೆಬಲ್ ಎಷ್ಟಿತ್ತೋ ಗೊತ್ತಿಲ್ಲ. ಸೌಂಡಮ್ಮ ಹೇಳಲಿಲ್ಲ, ನಾನು ಕೇಳಲೂ ಇಲ್ಲ.